ಜನನಾಯಕ ಬಂದರೆ ಜನರ ಆಳ್ವಿಕೆ ಬಂತೆ?

ಸಾಹುಕಾರರನ್ನು ಬೈದವರೆಲ್ಲ ಬಡವರ ಬಂಧುಗಳೆಂದು ನಂಬುವುದು ಬಹಳ ಸುಲಭ. ಹಾಗೆ ನಂಬಿದ ಜನ ಏನು ಪಡೆದರು, ಏನು ಕಳೆದುಕೊಂಡರು ಎಂಬುದನ್ನು ತಿಳಿಯಬೇಕಾದರೆ ಸುಮಾರು ಇನ್ನೂರು ವರ್ಷಗಳ ಹಿಂದಿನ ಅಮೆರಿಕದ ಚರಿತ್ರೆಯನ್ನು ನೋಡಬೇಕು. ಆಂಡ್ರೂ ಜಾಕ್ಸನ್ ಎಂಬಾತ ಅಲ್ಲಿ ಅಧ್ಯಕ್ಷನಾಗಿದ್ದ ೧೮೨೯ರಿಂದ ೧೮೩೭ರವರೆಗಿನ ಎಂಟು ವರ್ಷಗಳ ಕಥೆಯನ್ನು ಗಿರಣಿ ಕೆಲಸಗಾರರೂ ಸಣ್ಣ ಅಂಗಡಿಕಾರರೂ ಅಗತ್ಯವಾಗಿ ತಿಳಿದಿರಬೇಕೆಂದು ನಾವು ಭಾವಿಸುತ್ತೇವೆ.

ಅಮೆರಿಕ ಸ್ವತಂತ್ರವಾದಾಗ ಅಲ್ಲಿನ ಬಹುಪಾಲು ರಾಜ್ಯಗಳಲ್ಲಿ ಆಸ್ತಿಯುಳ್ಳವನಿಗೆ ಮಾತ್ರ ಮತವಿತ್ತು. ಒಂದೊಂದೇ ರಾಜ್ಯ ಈ ಕಟ್ಟನ್ನು ಸಡಿಲಿಸುತ್ತ ಬಂದು, ೧೮೨೦ರ ದಶಕದ ಹೊತ್ತಿಗೆ ಹೆಚ್ಚಿನ ಕಡೆಗಳಲ್ಲಿ ವಯಸ್ಸಿಗೆ ಬಂದ ಬಿಳಿಯ ಗಂಡಸರಿಗೆ ಮತ ಸಿಕ್ಕಿತು. ೧೮೨೪ರ ಚುನಾವಣೆಯಲ್ಲಿ ಜಾಕ್ಸನ್‌ಗೆ ಎಲ್ಲರಿಗಿಂತ ಹೆಚ್ಚು ಮತ ಬಿದ್ದರೂ ಬಹುಮತ ಬರಲಿಲ್ಲ. ತೀರ್ಮಾನ ಪ್ರತಿನಿಧಿ ಸಭೆಗೆ ಹೋಯಿತು. ಅಲ್ಲಿ ಹೆನ್ರಿ ಕ್ಲೇಯ ಬೆಂಬಲದಿಂದ ಜಾನ್ ಕ್ವಿನ್ಸಿ ಆಡಮ್ಸ್ ಗೆದ್ದ. ಗೆದ್ದವನು ಆ ಕ್ಲೇಯನ್ನೇ ವಿದೇಶಾಂಗ ಮಂತ್ರಿಯನ್ನಾಗಿ ಮಾಡಿಕೊಂಡ. ಇದು ಜನಮತವನ್ನು ಮಾರಿಕೊಂಡ ವ್ಯಾಪಾರವೆಂದು ಜಾಕ್ಸನ್ ಪಕ್ಷದವರು ನಾಲ್ಕು ವರ್ಷ ಕೂಗಿದರು. ೧೮೨೮ರಲ್ಲಿ ಆತ ೧೭೮ಕ್ಕೆ ೮೩ ಚುನಾಯಕ ಮತಗಳಿಂದ ಗೆದ್ದ. ಅದುವರೆಗಿನ ಆರು ಅಧ್ಯಕ್ಷರೂ ವರ್ಜೀನಿಯಾ, ಮ್ಯಾಸಚೂಸೆಟ್ಸ್ ಎಂಬ ಎರಡೇ ರಾಜ್ಯಗಳವರು. ಈತನೋ ಬಡತನದಲ್ಲಿ ಹುಟ್ಟಿದವನು. ೧೮೨೯ರ ಮಾರ್ಚ್ ೪ರಂದು ಕೆಸರುಗಾಲಿನಲ್ಲೇ ಅಧ್ಯಕ್ಷ ಭವನಕ್ಕೆ ನುಗ್ಗಿದ ಜನ ನಮ್ಮ ರಾಜ್ಯ ಬಂತೆಂದೇ ತಿಳಿದರು.

ಅವರ ಸಂತೋಷ ಪೂರ್ತಿ ಹುಸಿಯಲ್ಲ. ೧೮೧೬ರಲ್ಲಿ ಸನ್ನದು ಪಡೆದ ರಾಷ್ಟ್ರೀಯ ಬ್ಯಾಂಕಿನ ಬಂಡವಾಳ ಮೂರೂವರೆ ಕೋಟಿ ಡಾಲರ್. ಅದರಲ್ಲಿ ಸರ್ಕಾರದ ಪಾಲು ಐದರಲ್ಲಿ ಒಂದು. ಉಳಿದ ನಾಲ್ಕು ಪಾಲು ಖಾಸಗಿ ಹಣವಂತರದು. ಆದರೆ ಜನರ ತೆರಿಗೆಯ ಹಣವೆಲ್ಲ ಆ ಬ್ಯಾಂಕಿನ ತಿಜೋರಿಗೇ ಸೇರುತ್ತಿತ್ತು. ಅದರ ಸನ್ನದನ್ನು ಮುಂದುವರಿಸುವ ಮಸೂದೆಯನ್ನು ಜಾಕ್ಸನ್ ೧೮೩೨ರ ಜುಲೈ ೧೦ರಂದು ತಿರಸ್ಕರಿಸಿದ. ಧನಿಕರು ಸರ್ಕಾರವನ್ನು ತಮ್ಮ ಸ್ವಾರ್ಥಕ್ಕೆ ಬಾಗಿಸಿಕೊಳ್ಳುತ್ತಾರೆಂದು ಬಹಿರಂಗವಾಗಿಯೇ ಬರೆದ. ಮರುವರ್ಷ ಸರ್ಕಾರಿ ಹಣವನ್ನು ಅಲ್ಲಿಡುವುದನ್ನು ನಿಲ್ಲಿಸಿದ. ಬ್ಯಾಂಕಿನ ಮುಖ್ಯಸ್ಥ ನಿಕೊಲಸ್ ಬಿಡಲ್ ಸುಮ್ಮನಿರಲಿಲ್ಲ. ಸಾಲಗಳನ್ನು ಬಿಗಿಹಿಡಿದು ದೇಶದ ವ್ಯಾಪಾರದ ಕತ್ತು ಹಿಸುಕಿದ. ಯಾರಿಗೂ ಉತ್ತರ ಹೇಳಬೇಕಿಲ್ಲದ ಒಬ್ಬ ಬ್ಯಾಂಕರನ ಕೈಯಲ್ಲಿ ಎಷ್ಟು ಶಕ್ತಿಯಿತ್ತೆಂಬುದಕ್ಕೆ ಇದೇ ಸಾಕ್ಷಿ. ಅಂಥ ಬ್ಯಾಂಕನ್ನು ಎದುರಿಸಿದ್ದು ತಪ್ಪೆಂದು ನಾವು ಹೇಳಲಾರೆವು.

ಆದರೆ ಅಲ್ಲಿಂದ ತೆಗೆದ ಹಣ ಎಲ್ಲಿಗೆ ಹೋಯಿತು? ಆಯ್ದ ಕೆಲವು ರಾಜ್ಯ ಬ್ಯಾಂಕುಗಳಿಗೆ ಹೋಯಿತು. ಇವು ಸರ್ಕಾರದ ಮುದ್ದಿನ ಬ್ಯಾಂಕುಗಳೆಂದು ವಿರೋಧಿಗಳು ಹಾಸ್ಯ ಮಾಡಿದರು. ಒಬ್ಬ ದೊಡ್ಡ ಸಾಹುಕಾರನ ತಿಜೋರಿಯಿಂದ ಹತ್ತಾರು ಸಣ್ಣ ಸಾಹುಕಾರರ ತಿಜೋರಿಗೆ ಹಣ ಬಂತೇ ಹೊರತು ಜನರ ಹತೋಟಿಗೆ ಬರಲಿಲ್ಲ. ಆ ಕಾಲದಲ್ಲಿ ನೂರಾರು ಬ್ಯಾಂಕುಗಳು ತಮ್ಮ ತಮ್ಮ ನೋಟುಗಳನ್ನು ಅಚ್ಚುಹಾಕುತ್ತಿದ್ದವು. ಧಣಿ ಕೂಲಿಯೆಂದು ಕೊಟ್ಟ ದೂರದೂರಿನ ನೋಟನ್ನು ಅಂಗಡಿಯವನು ಪೂರ್ಣ ಬೆಲೆಗೆ ತೆಗೆದುಕೊಳ್ಳಲಾರ, ವಟಾವು ಮುರಿದುಕೊಳ್ಳಬೇಕು. ಬ್ಯಾಂಕು ಮುಳುಗಿದರೆ ನೋಟು ಯಾರ ಕೈಯಲ್ಲಿದೆಯೋ ಅವನೂ ಮುಳುಗಿದ. ಹೀಗೆ ಕೂಲಿಯವನೂ ಅಂಗಡಿಯವನೂ ಒಬ್ಬರನ್ನೊಬ್ಬರು ಶಪಿಸುತ್ತಿದ್ದರೆ, ನೋಟು ಅಚ್ಚುಹಾಕಿದವನು ನೆಮ್ಮದಿಯಾಗಿದ್ದ. ಸಾಲ ಸುಲಭವಾಗಿ ಸಿಕ್ಕಿ ಜಮೀನಿನ ಸಟ್ಟಾ ವ್ಯಾಪಾರ ಹುಚ್ಚು ಹೊಳೆಯಂತೆ ಹರಿಯಿತು. ೧೮೩೬ರಲ್ಲಿ ಸರ್ಕಾರಿ ಜಮೀನಿಗೆ ಚಿನ್ನ ಬೆಳ್ಳಿಯನ್ನೇ ಕೊಡಬೇಕೆಂದು ಆಜ್ಞೆಯಾಯಿತು. ಇತ್ತ ಇಂಗ್ಲೆಂಡಿನಲ್ಲಿ ಸಾಲ ಬಿಗಿಯಾಯಿತು, ಹತ್ತಿಯ ಬೆಲೆ ಕುಸಿಯಿತು. ೧೮೩೭ರ ಮೇ ೧೦ರಂದು ನ್ಯೂಯಾರ್ಕಿನ ಬ್ಯಾಂಕುಗಳು ನೋಟಿಗೆ ನಾಣ್ಯ ಕೊಡುವುದನ್ನೇ ನಿಲ್ಲಿಸಿದವು. ಜಾಕ್ಸನ್ ಮಾರ್ಚಿನಲ್ಲೇ ಅಧಿಕಾರ ಬಿಟ್ಟು ತನ್ನ ತೋಟಕ್ಕೆ ಮರಳಿದ್ದ. ಕೆಲಸ ಕಳೆದುಕೊಂಡು ಬೀದಿಗೆ ಬಿದ್ದವರು ಆತನಿಗೆ ಮತ ಹಾಕಿದ ಕೂಲಿಕಾರರು.

ಇನ್ನು ಜನ ಎಂದರೆ ಯಾರು ಎಂಬ ಪ್ರಶ್ನೆ. ೧೮೩೦ರ ಮೇ ೨೮ರಂದು ಜಾಕ್ಸನ್ ಸಹಿ ಹಾಕಿದ ಕಾಯಿದೆ ಮೂಲನಿವಾಸಿಗಳನ್ನು ಮಿಸಿಸಿಪ್ಪಿ ನದಿಯಾಚೆಗೆ ಸಾಗಿಸಲು ದಾರಿ ಮಾಡಿತು. ಪ್ರತಿನಿಧಿ ಸಭೆಯಲ್ಲಿ ಅದಕ್ಕೆ ಬಿದ್ದ ಮತ ೧೦೨, ವಿರುದ್ಧ ೯೭. ಚೆರೋಕಿ ಜನರ ನೆಲದಲ್ಲಿ ಜಾರ್ಜಿಯಾದ ಕಾನೂನು ನಡೆಯದೆಂದು ಸರ್ವೋಚ್ಚ ನ್ಯಾಯಾಲಯ ೧೮೩೨ರಲ್ಲಿ ತೀರ್ಪಿತ್ತಿತು. ಜಾರ್ಜಿಯಾ ಕೇಳಲಿಲ್ಲ, ಕೇಳಿಸುವ ಕೆಲಸಕ್ಕೆ ಅಧ್ಯಕ್ಷನೂ ಕೈಹಾಕಲಿಲ್ಲ. ೧೮೩೮ರಲ್ಲಿ ಸೈನ್ಯ ಸುಮಾರು ೧೬,೦೦೦ ಚೆರೋಕಿಗಳನ್ನು ಹೊರಡಿಸಿತು. ಸುಮಾರು ೪,೦೦೦ ಮಂದಿ ಶಿಬಿರಗಳಲ್ಲಿಯೂ ದಾರಿಯಲ್ಲಿಯೂ ಸತ್ತರೆಂದು ಅಂದಾಜು. ಖಾಲಿಯಾದ ನೆಲದಲ್ಲಿ ಹತ್ತಿ ಬೆಳೆಯಿತು. ಬೆಳೆದವರು ಗುಲಾಮರು. ೧೮೩೦ರ ಗಣತಿಯಲ್ಲಿ ಅವರ ಸಂಖ್ಯೆ ೨೦ ಲಕ್ಷ. ಜನನಾಯಕನ ಸ್ವಂತ ತೋಟದಲ್ಲಿಯೇ ನೂರಕ್ಕೂ ಹೆಚ್ಚು ಗುಲಾಮರಿದ್ದರು. ಬಿಳಿಯ ಬಡವನಿಗೆ ಮತ ಕೊಟ್ಟ ಕಾಲದಲ್ಲೇ ಪೆನ್ಸಿಲ್ವೇನಿಯಾ ರಾಜ್ಯ, ೧೮೩೮ರಲ್ಲಿ, ಸ್ವತಂತ್ರ ಕಪ್ಪು ಜನರ ಮತ ಕಿತ್ತುಕೊಂಡಿತು. ಹೆಂಗಸರ ಮಾತನ್ನಂತೂ ಎತ್ತಿದವರೇ ವಿರಳ.

ಮತವಿದ್ದ ಕೂಲಿಕಾರನಿಗಾದರೂ ಅಧ್ಯಕ್ಷ ನೆರವಾದನೇ? ೧೮೩೪ರ ಜನವರಿಯಲ್ಲಿ ಮೇರಿಲ್ಯಾಂಡಿನ ಕಾಲುವೆ ಕೆಲಸದಲ್ಲಿದ್ದ ಐರಿಷ್ ಕೂಲಿಕಾರರಲ್ಲಿ ಗಲಭೆಯೆದ್ದಾಗ ಜಾಕ್ಸನ್ ಕಳಿಸಿದ್ದು ಕೇಂದ್ರದ ಸೈನ್ಯವನ್ನು. ಕೂಲಿಕಾರರ ತಂಟೆಗೆ ಆ ದೇಶದ ಸೈನ್ಯ ಬಂದದ್ದು ಅದೇ ಮೊದಲು.

ಹಾಗಾದರೆ ಆ ಕಾಲದಲ್ಲಿ ಕೂಲಿಕಾರ ಗಳಿಸಿದ್ದೇನೂ ಇಲ್ಲವೇ? ಇದೆ, ಸ್ವಂತ ಸಂಘಟನೆಯಿಂದ ಗಳಿಸಿದ್ದು ಇದೆ. ೧೮೨೮ರಲ್ಲಿ ಫಿಲಡೆಲ್ಫಿಯಾದ ಕುಶಲಕರ್ಮಿಗಳು ತಮ್ಮದೇ ಪಕ್ಷ ಕಟ್ಟಿದರು. ಮರುವರ್ಷ ನ್ಯೂಯಾರ್ಕಿನವರು ಒಬ್ಬ ಬಡಗಿಯನ್ನು ಶಾಸನಸಭೆಗೆ ಆರಿಸಿ ಕಳಿಸಿದರು. ಮಕ್ಕಳಿಗೆ ಉಚಿತ ಶಾಲೆ ಬೇಕು, ಸಾಲಕ್ಕೆ ಸೆರೆಮನೆ ಬೇಡ ಎಂಬುದು ಅವರ ಕೇಳಿಕೆ. ೧೮೩೧ರಲ್ಲಿ ನ್ಯೂಯಾರ್ಕ್ ಸಾಲಗಾರರ ಸೆರೆಯನ್ನು ರದ್ದುಮಾಡಿತು. ೧೮೩೪ರಲ್ಲಿ ಪೆನ್ಸಿಲ್ವೇನಿಯಾ ಉಚಿತ ಶಾಲೆಗಳ ಕಾಯಿದೆ ತಂದಿತು. ಲೋವೆಲ್ ಪಟ್ಟಣದ ಹತ್ತಿ ಗಿರಣಿಗಳ ಹೆಣ್ಣುಮಕ್ಕಳು ಕೂಲಿ ಕಡಿತದ ವಿರುದ್ಧ ೧೮೩೪ರಲ್ಲಿ, ಊಟ ವಸತಿಯ ದರ ಏರಿಸಿದ್ದಕ್ಕೆ ೧೮೩೬ರಲ್ಲಿ ಮಗ್ಗ ನಿಲ್ಲಿಸಿ ಹೊರಬಂದರು. ೧೮೩೫ರಲ್ಲಿ ಫಿಲಡೆಲ್ಫಿಯಾದ ಕಲ್ಲಿದ್ದಲು ಹಮಾಲರು ಹತ್ತು ಗಂಟೆಯ ದಿನಕ್ಕಾಗಿ ಕೆಲಸ ಬಿಟ್ಟರು. ಬಡಗಿ, ಗಾರೆಯವ, ಚಮ್ಮಾರ ಎಲ್ಲರೂ ಹಿಂದೆ ನಿಂತರು, ಗೆದ್ದರು. ಈ ಒತ್ತಾಯ ಬೆಳೆದು ೧೮೪೦ರಲ್ಲಿ ಅಧ್ಯಕ್ಷ ವ್ಯಾನ್ ಬ್ಯೂರನ್ ಕೇಂದ್ರ ಸರ್ಕಾರದ ಕಾಮಗಾರಿಗಳಲ್ಲಿ ಹತ್ತು ಗಂಟೆಯ ದಿನವನ್ನು ಒಪ್ಪಬೇಕಾಯಿತು. ಕುಶಲಕರ್ಮಿಗಳ ಆ ಪಕ್ಷಗಳು ಕೆಲವೇ ವರ್ಷಗಳಲ್ಲಿ ದೊಡ್ಡ ಪಕ್ಷಗಳ ಹೊಟ್ಟೆ ಸೇರಿದವು. ಅವರು ಗೆದ್ದ ಶಾಲೆ ಉಳಿಯಿತು.

ಜನರ ವೇಷವನ್ನಾದರೋ ಎಲ್ಲರೂ ಕಲಿತರು. ೧೮೪೦ರ ಚುನಾವಣೆಯಲ್ಲಿ ಹಣವಂತರ ಬೆಂಬಲವಿದ್ದ ವಿಗ್ ಪಕ್ಷದವರು ತಮ್ಮ ಅಭ್ಯರ್ಥಿ ಹ್ಯಾರಿಸನ್ ಮರದ ದಿಮ್ಮಿಯ ಗುಡಿಸಲಿನವನೆಂದು ಮೆರವಣಿಗೆ ಮಾಡಿ ಗೆದ್ದರು. ಆತ ಹುಟ್ಟಿದ್ದು ವರ್ಜೀನಿಯಾದ ದೊಡ್ಡ ಜಮೀನುದಾರರ ಮನೆಯಲ್ಲಿ.

ಮತ ಬಂದದ್ದು ಸಣ್ಣ ಮಾತಲ್ಲ. ಆದರೆ ಮತ ಹಾಕಿ ಮನೆಗೆ ಹೋಗಿ ಕುಳಿತವನನ್ನು ಯಾವ ನಾಯಕನೂ ಉದ್ಧಾರ ಮಾಡಿಲ್ಲ. ಜನರ ಹೆಸರೆತ್ತಿ ಬರುವವನನ್ನು ನಾವು ಮೂರು ಮಾತು ಕೇಳಬೇಕು. ಸಾಹುಕಾರನಿಂದ ಕಿತ್ತ ಹಣ ಯಾರ ತಿಜೋರಿಗೆ ಹೋಗುತ್ತದೆ? ನೀನು ಹೇಳುವ ಜನರ ಲೆಕ್ಕದಿಂದ ಹೊರಗುಳಿದವರು ಯಾರು? ಕೂಲಿಕಾರ ಕೆಲಸ ನಿಲ್ಲಿಸಿದ ದಿನ ನಿನ್ನ ಸೈನ್ಯ ಯಾರ ಕಡೆ ನಿಲ್ಲುತ್ತದೆ?