ಎಲ್ಲರ ನಿಘಂಟಿಗೆ ಕೈ ಹಾಕಬೇಡಿ

‘ಕವಿ ಹೊಸ ಪದ ಕಟ್ಟಿದರೆ ಮೆಚ್ಚುತ್ತೀಯ, ಪ್ರೋಗ್ರಾಮರ್ ಹೊಸ ಮೆಥಡ್ ಕಟ್ಟಿದರೆ ಯಾಕೆ ಬೈಯುತ್ತೀಯ?’ ಜಾವಾಸ್ಕ್ರಿಪ್ಟ್, ರೂಬಿಗಳನ್ನು ಪ್ರೀತಿಸುವ ಗೆಳೆಯರು ನನ್ನನ್ನು ಕೇಳುತ್ತಾರೆ. ಪ್ರಶ್ನೆ ಚೆನ್ನಾಗಿದೆ. ಉತ್ತರವಾಗಿ ನಡೆದ ಸಂಗತಿಯೊಂದನ್ನು ಹೇಳುತ್ತೇನೆ.

ಪ್ರೋಗ್ರಾಮಿನಲ್ಲಿ ಒಂದು ಆಬ್ಜೆಕ್ಟ್ ಮಾಡಬಲ್ಲ ಕೆಲಸವೇ ಮೆಥಡ್. ಈ ಭಾಷೆಗಳಲ್ಲಿ ಪ್ರೋಗ್ರಾಮ್ ಓಡುತ್ತಿರುವಾಗಲೇ ಆಬ್ಜೆಕ್ಟಿಗೆ ಹೊಸ ಮೆಥಡ್ ಸೇರಿಸಬಹುದು. ಭಾಷೆಯೇ ಕೊಟ್ಟ ಮೂಲ ಆಬ್ಜೆಕ್ಟುಗಳಿಗೂ ಸೇರಿಸಬಹುದು. ಮೂಟೂಲ್ಸ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿ ಅದನ್ನೇ ಮಾಡಿತು. ಪಟ್ಟಿಗಳನ್ನು ಹಿಡಿದಿಡುವ ‘ಅರೇ’ಗಳಿಗೆಲ್ಲ ‘ಫ್ಲಾಟನ್’ ಎಂಬ ಮೆಥಡ್ ಕೊಟ್ಟಿತು. ಪಟ್ಟಿಯೊಳಗಿನ ಪಟ್ಟಿಗಳನ್ನು ಬಿಚ್ಚಿ ಒಂದೇ ಪಟ್ಟಿ ಮಾಡುವುದು ಅದರ ಕೆಲಸ. ಅನುಕೂಲವೇನೋ ಆಯಿತು.

ವರ್ಷಗಳ ಮೇಲೆ ಅದೇ ಹೆಸರಿನ ಮೆಥಡನ್ನು ಭಾಷೆಯೊಳಗೇ ತರಲು ಮಾನಕ ಸಮಿತಿ ಹೊರಟಿತು. 2018ರಲ್ಲಿ ಫೈರ್‌ಫಾಕ್ಸಿನ ಪರೀಕ್ಷಾ ಆವೃತ್ತಿ ಅದನ್ನು ಅಳವಡಿಸಿದ್ದೇ ತಡ, ಮೂಟೂಲ್ಸನ್ನು ನೆಚ್ಚಿಕೊಂಡಿದ್ದ ವೆಬ್‌ಸೈಟೊಂದು ಕೆಟ್ಟಿತು. ಹಳೆಯ ವೆಬ್‌ಪುಟಗಳನ್ನು ಮುರಿಯಬಾರದು ಎಂಬುದು ಸಮಿತಿಯ ವ್ರತ. ಕೊನೆಗೆ ಸೋತದ್ದು ಭಾಷೆಯೇ: ಮೆಥಡಿನ ಹೆಸರು ‘ಫ್ಲಾಟ್’ ಆಯಿತು. 2016ರ ಮಾನಕದ ‘ಇನ್‌ಕ್ಲೂಡ್ಸ್’ ಕೂಡ ಮೊದಲು ‘ಕಂಟೇನ್ಸ್’ ಆಗಬೇಕಿತ್ತು. ಆ ಹೆಸರನ್ನೂ ಇದೇ ಲೈಬ್ರರಿ ಹಿಡಿದು ಕೂತಿತ್ತು.

ಕವಿಯ ಪದ ಕವಿತೆಯೊಳಗೆ ಇರುತ್ತದೆ. ಹಿಡಿಸಿದರೆ ಎತ್ತಿಕೊಳ್ಳುತ್ತೇವೆ, ಇಲ್ಲದಿದ್ದರೆ ಪುಟ ಮಗುಚುತ್ತೇವೆ. ಅದರಿಂದ ಪಕ್ಕದ ಮನೆಯವರು ಬರೆದ ಪತ್ರ ಅರ್ಥ ಕಳೆದುಕೊಳ್ಳುವುದಿಲ್ಲ. ಮೂಲ ಆಬ್ಜೆಕ್ಟಿಗೆ ಅಂಟಿಸಿದ ಮೆಥಡ್ಡೋ, ಜೊತೆಗೆ ಓಡುತ್ತಿರುವ ಎಲ್ಲರ ಕೋಡಿನೊಳಗೂ ಹೇಳದೆ ಕೇಳದೆ ನುಗ್ಗುತ್ತದೆ. ಎಲ್ಲರೂ ಬಳಸುವ ನಿಘಂಟನ್ನು ಕದ್ದು ತಿದ್ದುವುದಕ್ಕೂ ಇದಕ್ಕೂ ನನಗೆ ವ್ಯತ್ಯಾಸ ಕಾಣದು.

ಹಾಗಾದರೆ ಸ್ವಾತಂತ್ರ್ಯವೇ ಬೇಡವೇ? ಬೇಕು. ನೀವೇ ಮಾಡಿದ ಆಬ್ಜೆಕ್ಟಿಗೆ ನೂರು ಮೆಥಡ್ ಸೇರಿಸಿ, ನನ್ನದೇನೂ ತಕರಾರಿಲ್ಲ. ರೂಬಿಯಲ್ಲಿ ‘ರಿಫೈನ್‌ಮೆಂಟ್ಸ್’ ಇದೆ; ಅದರಿಂದ ಮಾಡಿದ ಬದಲಾವಣೆ, ಅದು ಬೇಕೆಂದು ಕೇಳಿಕೊಂಡ ಕಡತದಾಚೆ ಹೋಗುವುದಿಲ್ಲ. ಜಾವಾಸ್ಕ್ರಿಪ್ಟಿನಲ್ಲಿ ಅರೇಯನ್ನು ಮುಟ್ಟದೆ ಒಂದು ಸಾದಾ ಫಂಕ್ಷನ್ ಬರೆದರೆ ಸಾಕು. ಇಷ್ಟು ದಾರಿಗಳಿದ್ದೂ ಮೂಲಕ್ಕೇ ಕೈ ಹಾಕುವುದು ಸೋಮಾರಿತನ. ಅದಕ್ಕೆ ಕಾವ್ಯದ ಹೆಸರು ಕೊಡಬೇಡಿ.

ಮುಂದೆ ಎಂದೋ ಯಾರೋ ಒಂದು ಒಳ್ಳೆಯ ಪದವನ್ನು ಹುಡುಕಿಕೊಂಡು ಬರುತ್ತಾರೆ. ಅವರಿಗಾಗಿ ಆ ಜಾಗ ಖಾಲಿ ಇರಲಿ.