ಕಾಲಿಗೆ ಬಿಡುವು, ಗುಡ್ಡಕ್ಕೆ?

ಮ್ಯಾರಥಾನ್ ಮುಗಿಸಿ ಹತ್ತು ದಿನ ಕಳೆದ ಹವ್ಯಾಸಿ ಓಟಗಾರ ಬೆಳಗಿನ ಓಟಕ್ಕೆ ಹೊರಟರೂ ವೇಗಕ್ಕೆ ಆಸೆಪಡುವುದಿಲ್ಲ. 42.195 ಕಿಲೋಮೀಟರ್ ಓಡಿದ ಕಾಲಿನ ಸ್ನಾಯುಗಳ ಎಳೆಗಳು ಸೂಕ್ಷ್ಮವಾಗಿ ಹರಿದಿರುತ್ತವೆ. ನೋವು ಕೆಲವೇ ದಿನಗಳಲ್ಲಿ ಅಡಗಿದರೂ ಒಳಗಿನ ದುರಸ್ತಿ ವಾರಗಟ್ಟಲೆ ನಡೆಯುತ್ತದೆ. ಆದ್ದರಿಂದ ಜೊತೆಗಾರನೊಡನೆ ಮಾತನಾಡುತ್ತಲೇ ಓಡುವಷ್ಟು ನಿಧಾನ, ಅರ್ಧ ಗಂಟೆಯ ಮಿತಿ, ಡಾಂಬರಿನ ಬದಲು ಮೆತ್ತನೆಯ ಮಣ್ಣಿನ ಹಾದಿ.

ಅಂಥ ಹಾದಿಯನ್ನರಸಿ ನಗರದ ಓಟಗಾರರೂ ಚಾರಣಿಗರೂ ಮಲೆನಾಡಿಗೆ ಬರುತ್ತಾರೆ. ಬರಲಿ. ಆದರೆ ದಣಿದ ಕಾಲಿಗೆ ದೊರೆಯುವ ಬಿಡುವು ದಣಿದ ಹಾದಿಗೆ ದೊರೆಯುತ್ತಿದೆಯೇ? ಗಿರಿಯ ಹುಲ್ಲುಗಾವಲಿನಲ್ಲಿ ಮೇಲ್ಮಣ್ಣು ತೆಳು. ತಿರುವು ತಪ್ಪಿಸಲು ಒಬ್ಬ ಹಿಡಿದ ಅಡ್ಡದಾರಿಯನ್ನು ನೂರು ಜನ ತುಳಿದರೆ ಹುಲ್ಲಿನ ಬೇರು ಸಾಯುತ್ತದೆ, ನೆಲ ಗಡುಸಾಗುತ್ತದೆ, ನೀರು ಇಂಗುವುದಿಲ್ಲ. ಮುಂಗಾರು ಹಿಡಿದೊಡನೆ ಕಾಲುದಾರಿಯೇ ಕೊರಕಲಾಗಿ, ಗುಡ್ಡದ ಮಣ್ಣು ಹಳ್ಳಕ್ಕೂ ಗದ್ದೆಗೂ ಇಳಿಯುತ್ತದೆ.

2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಸಾವಿರಾರು ಚಾರಣಿಗರು ಒಮ್ಮೆಲೇ ನೆರೆದ ಬಳಿಕ ಸರ್ಕಾರ ಚಾರಣಕ್ಕೆ ತಾತ್ಕಾಲಿಕ ತಡೆಯೊಡ್ಡಿತು. ಮುಂದೆ ಆನ್‌ಲೈನ್ ನೋಂದಣಿಯ ಮೂಲಕ ದಿನದ ಸಂಖ್ಯೆಗೆ ಮಿತಿ ಬಂತು. ಸ್ವಾಗತಾರ್ಹವೇ. ಆದರೆ ಮಿತಿಯೊಂದೇ ಸಾಲದು. ಸವೆದ ಹಾದಿಗಳನ್ನು ಮಳೆಗಾಲದುದ್ದಕ್ಕೂ ಮುಚ್ಚಬೇಕು. ಹುಲ್ಲು ಮರಳಿ ಚಿಗುರುವ ತನಕ ತೆರೆಯಬಾರದು. ಯಾವ ಹಾದಿಗೆ ಎಷ್ಟು ಬಿಡುವು ಎಂಬುದನ್ನು ಅದರ ಬುಡದಲ್ಲೇ ಬದುಕುವ ಊರಿನವರನ್ನು ಕೇಳಿ ನಿರ್ಧರಿಸಬೇಕು. ಹಳ್ಳದ ನೀರು ಯಾವ ವರ್ಷದಿಂದ ಕೆಂಪಾಯಿತೆಂದು ಬಲ್ಲವರು ಅವರೇ.

ನೋವು ಅಡಗಿತೆಂದು ಮರುದಿನವೇ ವೇಗವಾಗಿ ಓಡಿದವನ ಕಾಲು ಮತ್ತೆ ಕೈಕೊಡುತ್ತದೆ. ಓಟಗಾರನಿಗೆ ತಿಳಿದಿರುವ ಈ ಪಾಠ ಗುಡ್ಡದ ವಿಷಯದಲ್ಲೂ ನಿಜ.