ಸರ್ಟಿಫಿಕೇಟು ಇದೆ, ಕಸುಬು ಎಲ್ಲಿ?

ಬೆಳಗಿನ ಹೊತ್ತು ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ನೋಡಿ. ಹೊನ್ನಾಳಿ ಬಸ್ಸಿರಲಿ, ಜಗಳೂರು ಬಸ್ಸಿರಲಿ, ಇಳಿಯುವವರಲ್ಲಿ ಕಾಲೇಜು ಹುಡುಗ ಹುಡುಗಿಯರೇ ಹೆಚ್ಚು. ಓದೋದು ಬೇಡ ಅಂತ ಯಾರೂ ಹೇಳುವುದಿಲ್ಲ. ಆದರೆ ಡಿಗ್ರಿ ಮುಗಿಸಿದ ಹುಡುಗ ಎಸ್.ಡಿ.ಎ. ಪರೀಕ್ಷೆಯ ಗೈಡು ಹಿಡಿದು ವರ್ಷಗಟ್ಟಲೆ ಅಲೆಯುತ್ತಾನಲ್ಲ, ಅದಕ್ಕೆ ಉತ್ತರ ಹೇಳೋರು ಯಾರು?

ಇತ್ತ ಮಂಡಿಪೇಟೆಯ ಅಂಗಡಿಯವರನ್ನು ಕೇಳಿದರೆ, "ಕೆಲಸಕ್ಕೆ ಜನಾನೇ ಸಿಗ್ತಿಲ್ಲ ಸ್ವಾಮಿ" ಅಂತಾರೆ. ಫ್ರಿಜ್ ಕೆಟ್ಟರೆ ರಿಪೇರಿಯವನು ಬರೋದು ನಾಲ್ಕು ದಿನದ ಮೇಲೆ. ಲೆಕ್ಕ ಬರೆಯೋಕೆ ಬಂದ ಬಿ.ಕಾಂ. ಹುಡುಗನಿಗೆ ಜಿ.ಎಸ್.ಟಿ. ಬಿಲ್ಲು ಹಾಕೋದನ್ನು ಮೊದಲಿಂದ ಹೇಳಿಕೊಡಬೇಕು. ಒಂದು ಕಡೆ ಕೆಲಸವಿಲ್ಲದ ಜನ, ಇನ್ನೊಂದು ಕಡೆ ಜನವಿಲ್ಲದ ಕೆಲಸ. ಇದೆಂಥಾ ವಿಚಿತ್ರ!

ಈ ಊರಿಗೆ ಒಂದು ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರಿತ್ತು. ಹತ್ತಿ ಗಿರಣಿಗೆ ಸೇರಿದ ಹುಡುಗ ಹಿರಿಯ ಕೆಲಸಗಾರನ ಪಕ್ಕ ನಿಂತು ಯಂತ್ರದ ಮರ್ಮ ಕಲಿಯುತ್ತಿದ್ದ. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಹೋದದ್ದು ಸಂಬಳ ಮಾತ್ರವಲ್ಲ, ಕಸುಬು ಕಲಿಸುವ ದೊಡ್ಡ ಶಾಲೆಯೂ ಹೋಯಿತು. ಅದರ ಜಾಗಕ್ಕೆ ಏನು ಬಂತು ಎಂದು ಯಾರೂ ಕೇಳಲಿಲ್ಲ.

ಸರಕಾರಗಳು ಮಾತಿನಲ್ಲಿ ಹಿಂದೆ ಬಿದ್ದಿಲ್ಲ. 1964-66ರ ಕೊಠಾರಿ ಆಯೋಗ ವೃತ್ತಿಶಿಕ್ಷಣ ಬೇಕು ಎಂದಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿ ಹತ್ತನೇ ತರಗತಿ ದಾಟಿದವರಲ್ಲಿ ಶೇ. 10 ಮಂದಿಯನ್ನು 1990ರೊಳಗೆ, ಶೇ. 25 ಮಂದಿಯನ್ನು 1995ರೊಳಗೆ ವೃತ್ತಿ ಕೋರ್ಸಿಗೆ ತರುವುದಾಗಿ ಹೇಳಿತು. ಆಗಿದ್ದೇನು? 2020ರ ನೀತಿಯೇ ಹಳೆಯ ಅಂದಾಜೊಂದನ್ನು ಮುಂದಿಟ್ಟಿದೆ: 19ರಿಂದ 24 ವಯಸ್ಸಿನ ದುಡಿಯುವವರಲ್ಲಿ ಕ್ರಮಬದ್ಧವಾಗಿ ವೃತ್ತಿ ಕಲಿತವರು ಶೇ. 5ಕ್ಕೂ ಕಡಿಮೆ. ಜರ್ಮನಿಯಲ್ಲಿ ಶೇ. 75, ದಕ್ಷಿಣ ಕೊರಿಯಾದಲ್ಲಿ ಶೇ. 96! ಕರ್ನಾಟಕವೂ ಪಿ.ಯು.ಸಿ. ಮಟ್ಟದಲ್ಲಿ ಜೆ.ಓ.ಸಿ. ಕೋರ್ಸು ನಡೆಸಿ, ಕೊನೆಗೆ ಕೈಬಿಟ್ಟಿತು.

ಹಾಗಾದರೆ ದಾರಿಯೇ ಇಲ್ಲವೆ? ಇದೆ, ಅದೂ ಈ ರಾಜ್ಯದಲ್ಲೇ. 1982ರಲ್ಲಿ ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕುಗಳ ಜೊತೆಗೂಡಿ ರುಡ್‌ಸೆಟ್ ಸಂಸ್ಥೆ ಕಟ್ಟಿದರು. ಊಟ, ವಸತಿ, ತರಬೇತಿ ಎಲ್ಲ ಉಚಿತ. ಅದರ ಗುಟ್ಟು ಇರೋದು ಬರೀ ರಿಪೇರಿ, ಹೊಲಿಗೆ ಕಲಿಸುವುದರಲ್ಲಿ ಅಲ್ಲ. ಮಾರ್ಕೆಟ್ಟು ನೋಡೋದು ಹೇಗೆ, ರೇಟು ಕಟ್ಟೋದು ಹೇಗೆ, ಲೆಕ್ಕ ಇಡೋದು ಹೇಗೆ, ಬ್ಯಾಂಕಿನಲ್ಲಿ ಸಾಲ ಕೇಳೋದು ಹೇಗೆ ಎಂಬುದನ್ನೂ ಅಲ್ಲಿ ಕಲಿಸುತ್ತಾರೆ. ತರಬೇತಿ ಮುಗಿದ ಮೇಲೂ ಬೆನ್ನು ಬಿಡದೆ ವಿಚಾರಿಸುತ್ತಾರೆ. ಈ ಮಾದರಿಯನ್ನೇ ಕೇಂದ್ರ ಸರಕಾರ ಎತ್ತಿಕೊಂಡು, ಬ್ಯಾಂಕುಗಳ ಮೂಲಕ ಜಿಲ್ಲೆಗೊಂದರಂತೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ ನಡೆಸುವ ಯೋಜನೆ ಮಾಡಿತು. ಇದು ಹಳ್ಳಿಯ ಎಷ್ಟು ಮನೆಗಳಿಗೆ ಗೊತ್ತು? ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದಾಗ ಕಾಲೇಜುಗಳ ಬ್ಯಾನರು ಸರ್ಕಲ್ಲು ತುಂಬ ಕಟ್ಟುತ್ತಾರೆ. ಇದಕ್ಕೆ ಒಂದು ಬೋರ್ಡೂ ಕಾಣೋದಿಲ್ಲ.

ಕೇವಲ ಸರಕಾರವನ್ನು ಬೈದರೆ ಸಾಲದು, ವ್ಯಾಪಾರಸ್ಥರೂ ಸ್ವಲ್ಪ ಕಿವಿಗೊಡಬೇಕು. 1961ರ ಅಪ್ರೆಂಟಿಸ್ ಕಾಯ್ದೆಯ ನಿಯಮಗಳನ್ನು 2019ರಲ್ಲಿ ತಿದ್ದಿದ ಮೇಲೆ, 30 ಜನ ಕೆಲಸಗಾರರಿರುವ ಕಡೆ ಅಪ್ರೆಂಟಿಸ್ ತೆಗೆದುಕೊಳ್ಳೋದು ಕಡ್ಡಾಯ. ನಾಲ್ಕು ಜನರಿದ್ದರೂ ಇಷ್ಟವಿದ್ದವರು ತೆಗೆದುಕೊಳ್ಳಬಹುದು. 2016ರಲ್ಲಿ ಬಂದ ಯೋಜನೆಯಲ್ಲಿ ಭತ್ಯೆಯ ಒಂದು ಪಾಲನ್ನು ಕೇಂದ್ರವೇ ಕೊಡುತ್ತದೆ. "ಜನ ಸಿಗ್ತಿಲ್ಲ" ಅನ್ನುವ ಅಂಗಡಿಯವರಲ್ಲಿ ಎಷ್ಟು ಮಂದಿ ಒಬ್ಬ ಹುಡುಗನನ್ನು ಕಾಗದ ಪತ್ರ ಮಾಡಿ ಕಲಿಯೋಕೆ ಸೇರಿಸಿಕೊಂಡಿದ್ದಾರೆ? ಟೀ ತರೋಕೆ, ಗುಡಿಸೋಕೆ ಇಟ್ಟುಕೊಂಡರೆ ಅದು ಕಲಿಸಿದ ಹಾಗಲ್ಲ. ಕಲಿಸದೆ ಕಲಿತವರು ಬೇಕು ಅನ್ನೋದು ಬಿತ್ತದೆ ಬೆಳೆ ಕೇಳಿದಂತೆ.

ಇನ್ನೊಂದು ಮಾತು ಕಹಿಯಾದರೂ ಹೇಳಲೇಬೇಕು. ವೇದಿಕೆ ಹತ್ತಿ "ಕೈ ಕೆಸರಾದರೆ ಬಾಯಿ ಮೊಸರು" ಎಂದು ಭಾಷಣ ಮಾಡುವವರ ಮಕ್ಕಳು ಎಂಜಿನಿಯರಿಂಗ್ ಸೀಟಿಗೆ ಹೋಗುತ್ತಾರೆ. ಐ.ಟಿ.ಐ. ಮಾತ್ರ ಬಡವರ ಮಕ್ಕಳಿಗೆ, ಫೇಲಾದವರಿಗೆ! ಹುಡುಗಿಯರಿಗಂತೂ ಹೊಲಿಗೆ ಮಿಷನ್ನು ಬಿಟ್ಟು ಬೇರೇನೂ ಇಲ್ಲವೆಂಬಂತೆ. ಪಂಪ್‌ಸೆಟ್ ಬಿಚ್ಚಿ ಜೋಡಿಸುವವನಿಗೆ ಮದುವೆಯಲ್ಲಿ ಹೆಣ್ಣು ಕೊಡೋಕೆ ಹಿಂದೆಮುಂದೆ ನೋಡುವ ಸಮಾಜ, ಕೆಲಸವಿಲ್ಲದ ಬಿ.ಎ.ಗೆ ಖುರ್ಚಿ ಹಾಕುತ್ತದೆ. ಈ ಬುದ್ಧಿ ಬದಲಾಗದೆ ಯಾವ ಯೋಜನೆ ಬಂದರೂ ಕಾಗದದಲ್ಲೇ ಉಳಿಯುತ್ತದೆ.

ಆಗಬೇಕಾದ್ದು ದೊಡ್ಡದೇನಲ್ಲ. ಪ್ರತಿ ಹೈಸ್ಕೂಲಿನಲ್ಲೂ ಲೆಕ್ಕಪುಸ್ತಕ ಬರೆಯೋದು, ಬ್ಯಾಂಕಿನ ವ್ಯವಹಾರ, ಒಂದು ಕೈಕೆಲಸ ಕಲಿಸಲಿ. ಐ.ಟಿ.ಐ.ಗಳಲ್ಲಿ ಇಂದಿನ ಮಿಷನ್ನಿರಲಿ, ಅದನ್ನು ಮುಟ್ಟೋಕೆ ಹುಡುಗರಿಗೆ ಬಿಡಲಿ. ವ್ಯಾಪಾರಸ್ಥರ ಸಂಘದವರು ವರ್ಷಕ್ಕೆ ಇಷ್ಟು ಅಪ್ರೆಂಟಿಸ್ ಎಂದು ತಾವೇ ಲೆಕ್ಕ ಹಾಕಿಕೊಳ್ಳಲಿ. ಡಿಗ್ರಿ ಗೋಡೆಗೆ ಚೆನ್ನ. ಆದರೆ ತಿಂಗಳ ಕೊನೆಗೆ ರೇಷನ್ ತರೋದು ಕಸುಬೇ.